ಸೇಡಿನ ತುತ್ತು

ಆಸ್ಪತ್ರೆಯಿಂದ ತಂದ ಸ್ಕ್ಯಾನಿನ ದೊಡ್ಡ ಲಕೋಟೆಯನ್ನು ಊಟದ ಮೇಜಿನ ಮೇಲೆ ಇಟ್ಟವನೇ ಡ್ರೈವರ್ ಮುಖ ತೊಳೆಯುವ ನೆಪ ಹೇಳಿ ಬಚ್ಚಲಿಗೆ ನುಗ್ಗಿಬಿಟ್ಟ. ಬಸ್ಸು ಓಡಿಸೋ ಆಸಾಮಿ. ಮುಂದೆ ಗುಂಡಿ ಇದೆ ಅಂತ ಅವನಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಮೇಜಿನ ಹತ್ತಿರ ಉಳಿದವರು ಅವನ ತಾಯಿ ಮತ್ತು ಅವನ ಹೆಂಡತಿ. ಒಬ್ಬಳು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು, ಇನ್ನೊಬ್ಬಳು ಚಪ್ಪಲಿ ಕೂಡ ಬಿಚ್ಚದೆ ನಿಂತಿದ್ದಳು.

"ಏನಂತೆ ಮಗುಗೆ?" ಅತ್ತೆ ಕೇಳಿದಳು.

"ಲಿವರ್‌ನಲ್ಲಿ ಕೊಬ್ಬು ತುಂಬಿದೆಯಂತೆ."

ಅತ್ತೆ ಕಾಯಿ ಮುರಿಯೋದನ್ನು ನಿಲ್ಲಿಸಿ ತಲೆಯೆತ್ತಿದಳು. ಬಹಳ ವರ್ಷ ಕಾದು ಕೂತವರಿಗೆ ಬರೋ ಬೆಳಕು ಆ ಮುಖದಲ್ಲಿ ಬಂತು. "ಹದಿನೈದರ ಹುಡುಗಿಗೆ ಎಲ್ಲಿಂದ ಬರುತ್ತೆ ಕೊಬ್ಬು? ಅದು ಅವಳದಲ್ಲ ಬಿಡು. ಅವಳಮ್ಮಂದು. ಅಲ್ಲಿ ಜಾಗ ಸಾಲದೆ ಇಲ್ಲಿಗೆ ಇಳಿದಿದೆ."

ಬಾಗಿಲಲ್ಲಿ ಮಗಳು ನಿಂತಿದ್ದಳು, ಸ್ಕೂಲು ಬ್ಯಾಗು ಎರಡೂ ಹೆಗಲಿಗೆ ಹಾಕಿಕೊಂಡು, ಇಬ್ಬರನ್ನೂ ಸರದಿಯಂತೆ ನೋಡುತ್ತಾ.

ಬೀದಿಯವರು ಸೊಸೆಯನ್ನು ಟೈಲರಮ್ಮ ಅಂತ ಕರೆಯುತ್ತಿದ್ದರು, ಮಗಳನ್ನು ಬೆಣ್ಣೆ ಅಂತ. ಟೈಲರಮ್ಮನಿಗೆ ಬೀದಿಯ ಕೊನೆಯಲ್ಲಿ ಒಂದು ಮೆಷಿನ್ನಿನ ಅಂಗಡಿ ಇತ್ತು. ಮಗಳ ಹೆಸರಿನ ಕಥೆ ಮಾತ್ರ ಸ್ವಲ್ಪ ಹಿಂದಿನದು.

ಟೈಲರಮ್ಮ ಬಸುರಿಯಾಗಿದ್ದಾಗ ಅಡುಗೆಮನೆಯ ಕಪಾಟಿಗೆ ಬೀಗ ಇತ್ತು. ಹಾಲು, ಮೊಟ್ಟೆ, ಬೆಣ್ಣೆ, ಸಕ್ಕರೆ ಎಲ್ಲ ಒಳಗೆ. ಬೀಗದ ಕೈ ಅತ್ತೆಯ ಸೊಂಟದಲ್ಲಿ. "ಹಸಿದ ಮನೆಯಿಂದ ಬಂದವಳು, ಬಿಟ್ಟರೆ ಕಪಾಟನ್ನೇ ನುಂಗ್ತಾಳೆ," ಅಂತ ಪಕ್ಕದ ಮನೆಯವಳಿಗೆ ಗೋಡೆಯಾಚೆಯಿಂದ ಹೇಳುತ್ತಿದ್ದಳು, ಸೊಸೆಗೆ ಕೇಳಿಸಲಿ ಅಂತಲೇ. ಒಮ್ಮೆ ಬೀಗ ಹಾಕೋದು ಮರೆತಿದ್ದಾಗ ಸೊಸೆ ಒಂದು ಹಿಡಿ ಸಕ್ಕರೆ ಬಾಯಿಗೆ ಹಾಕಿಕೊಂಡಳು. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ನಲ್ಲಿಯ ಹತ್ತಿರ ನಿಂತರೆ ಹೆಂಗಸರು, "ಏನಮ್ಮಾ, ಸಿಹಿ ಸುದ್ದಿ?" ಅಂತ ಕೇಳಿ ನಗೋರು. ಹೆರಿಗೆಯಾದಾಗ ಮಗು ಎಷ್ಟು ಸಣ್ಣಗಿತ್ತು ಅಂದರೆ, ಆಸ್ಪತ್ರೆಯ ಆಯಾ ಎತ್ತಿಕೊಂಡು, "ಇದೇನು ಕೂಸೋ, ಅಳಿಲೋ?" ಅಂದಳು. ತಮಾಷೆಗೆ ಅಂದದ್ದು. ಬಾಣಂತಿ ಗೋಡೆ ಕಡೆ ತಿರುಗಿ ಮಲಗಿ ಹಲ್ಲು ಕಚ್ಚಿದಳು.

ಮೆಷಿನ್ನು ಹಾಕಿ ಕೈಯಲ್ಲಿ ನಾಲ್ಕು ಕಾಸು ಆಡಿದ ಮೊದಲ ವಾರವೇ ಅವಳು ಬೀಗ ರಿಪೇರಿಯವನನ್ನು ಕರೆಸಿದಳು. ಅತ್ತೆ ನೋಡುತ್ತಿದ್ದ ಹಾಗೇ ಕಪಾಟಿನ ಬೀಗ ಒಡೆಸಿದಳು. ಬೆಣ್ಣೆಯ ಉಂಡೆ ತೆಗೆದು ಮಗುವಿನ ನಾಲಿಗೆಗೆ ಹಚ್ಚಿ, "ತಿನ್ನು ನನ್ನ ಬೆಣ್ಣೆ, ಇನ್ನು ಈ ಮನೇಲಿ ನಿನ್ನ ಕೈ ಹಿಡಿಯೋರು ಯಾರೂ ಇಲ್ಲ," ಅಂದಳು. ಹೆಸರು ಹಾಗೆ ಬಂತು.

ಆಮೇಲಿನ ವರ್ಷಗಳಲ್ಲಿ ಆ ಮನೆಯಲ್ಲಿ ನಡೆದದ್ದು ಊಟ ಅನ್ನೋದಕ್ಕಿಂತ ಜಗಳ ಅನ್ನಬೇಕು. ಅತ್ತೆ ಎದುರಿಗೆ ಕೂತಿದ್ದರೆ ಮಗಳ ಅನ್ನಕ್ಕೆ ಎರಡು ಚಮಚ ಬೆಣ್ಣೆ ಹೆಚ್ಚು. ಅತ್ತೆ "ಸಾಕು ಕಣೇ" ಅಂದರೆ ಇನ್ನೂ ಒಂದು. ಸ್ಕೂಲಿಂದ ಬಂದ ಕೂಡಲೇ ಜ್ಯೂಸಿನ ಬಾಟಲಿ, ಓದೋಕೆ ಕೂತರೆ ಕ್ರೀಮ್ ಬಿಸ್ಕತ್ತು, ಮಲಗೋ ಮುಂಚೆ ಕೆನೆ ಹಾಲು. ಅತ್ತೆಯ ಹೊಟ್ಟೆ ಉರಿಸೋಕೆ ಅವಳು ಮಗಳ ಹೊಟ್ಟೆ ತುಂಬಿಸುತ್ತಿದ್ದಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ ಗಾದೆ. ಇಲ್ಲಿ ಅತ್ತೆ ಸೊಸೆಯ ಜಗಳದಲ್ಲಿ ಕೂಸು ಊದಿಕೊಂಡಿತು.

ಬೆಣ್ಣೆಯ ಯೂನಿಫಾರಂ ಅನ್ನು ಟೈಲರಮ್ಮ ಪ್ರತಿ ಸಲ ಒಳಗೆ ಬಟ್ಟೆ ಬಿಟ್ಟು ಹೊಲಿಯುತ್ತಿದ್ದಳು. ಹದಿನೈದು ತುಂಬಿದ ವರ್ಷ ಬಿಚ್ಚೋಕೆ ಒಳಗೆ ಬಟ್ಟೆಯೇ ಉಳಿದಿರಲಿಲ್ಲ. ಹುಡುಗಿ ಕ್ಲಾಸಿನಲ್ಲಿ ತೂಕಡಿಸುತ್ತಾಳೆ ಅಂತ ಟೀಚರು ಹೇಳಿ ಕಳಿಸಿದರು. ಬಲಗಡೆ ಪಕ್ಕೆಲುಬಿನ ಕೆಳಗೆ ಏನೋ ಭಾರ ಅಂತ ಅವಳೇ ಒಂದೆರಡು ಸಲ ಅಂದಿದ್ದಳು. ಕತ್ತಿನ ಹಿಂದೆ ಕಪ್ಪು ಪಟ್ಟೆ ಕಟ್ಟಿತ್ತು. ಅದು ಕೊಳೆ ಅಂತ ತಾಯಿ ಸೋಪು ಹಾಕಿ, ನಾರು ಹಾಕಿ, ಹುಡುಗಿ "ಉರೀತಿದೆ ಅಮ್ಮ" ಅನ್ನೋವರೆಗೂ ಉಜ್ಜಿದ್ದಳು.

"ಅದು ಕೊಳೆ ಅಲ್ಲಮ್ಮ," ಅಂದಿದ್ದರು ಆಸ್ಪತ್ರೆಯಲ್ಲಿ ಸ್ಕ್ಯಾನು ನೋಡಿದ ಡಾಕ್ಟರು. ಕನ್ನಡಕ ಹಾಕಿದ, ಸಣ್ಣ ದನಿಯ ಹೆಂಗಸು. "ಮೈಯಲ್ಲಿ ಸಕ್ಕರೆ ಸರಿಯಾಗಿ ಕರಗ್ತಿಲ್ಲ ಅನ್ನೋದರ ಗುರುತು. ಲಿವರ್‌ನಲ್ಲೂ ಕೊಬ್ಬು ಕೂತಿದೆ. ಹೀಗೇ ಬಿಟ್ಟರೆ ಮುಂದೆ ಲಿವರ್ ಗಾಯವಾಗಿ ಗಟ್ಟಿಯಾಗಬಹುದು. ಆದರೆ ಈ ವಯಸ್ಸಲ್ಲಿ ವಾಪಸ್ ಬರೋ ದಾರಿ ಇದೆ. ಸಿಹಿ ಜ್ಯೂಸು, ಬೇಕರಿ ತಿಂಡಿ ನಿಲ್ಲಿಸಿ. ದಿನಾ ಬೆವರು ಬರೋ ಹಾಗೆ ಆಡಲಿ. ಮನೆಮಂದಿಯೆಲ್ಲ ಒಂದೇ ಊಟ ಮಾಡಿ. ಉಪವಾಸ ಹಾಕಬೇಡಿ, ಬೈಯಬೇಡಿ. ಇದು ಅವಳ ತಪ್ಪಲ್ಲ."

ಇಷ್ಟು ಮಾತಿನಲ್ಲಿ ಟೈಲರಮ್ಮನ ಕಿವಿಗೆ ಗಟ್ಟಿಯಾಗಿ ಬಿದ್ದದ್ದು ಒಂದೇ: ಮನೆಮಂದಿಯೆಲ್ಲ ಒಂದೇ ಊಟ. ಮನೆಗೆ ಬಂದು ಅತ್ತೆಯ ಮಾತು ಕೇಳಿಸಿಕೊಂಡ ಮೇಲಂತೂ ಅದು ಕೈಗೆ ಸಿಕ್ಕ ಹರಿತವಾದ ಕತ್ತರಿಯಾಯಿತು.

ಮರುದಿನವೇ ಅವಳು ಹೊಸ ಬೀಗ ತಂದಳು.

"ಇದೇನು ಚಹಾನೋ, ಪಾತ್ರೆ ತೊಳೆದ ನೀರೋ?" ಬೆಳಗ್ಗೆ ಅತ್ತೆ ಲೋಟ ಕೆಳಗಿಟ್ಟಳು.

"ಸಕ್ಕರೆ ಇಲ್ಲ ಅತ್ತೆ. ಡಾಕ್ಟರು ಹೇಳಿದ್ದಾರೆ."

"ನಿನ್ನ ಮಗಳಿಗೆ ಹೇಳಿದ್ದು. ನನ್ನ ಲಿವರಿಗೆ ಏನಾಗಿದೆ?"

"ಏನೂ ಆಗಬಾರದು ಅಂತಲೇ."

"ಬೀಗದ ಕೈ ಕೊಡೇ."

ಟೈಲರಮ್ಮ ಸೊಂಟ ಮುಟ್ಟಿ ನೋಡಿಕೊಂಡಳು. "ನಿಮ್ಮಿಂದಲೇ ಕಲಿತದ್ದು. ಬಿಟ್ಟರೆ ಕೆಲವರು ಕಪಾಟನ್ನೇ ನುಂಗ್ತಾರಂತಲ್ಲ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ಆ ಕಾಲ ಬಂದಿತ್ತು. ಆ ದಿನ ಟೈಲರಮ್ಮ ಅಂಗಡಿಯಲ್ಲಿ ಹಾಡು ಗುನುಗುತ್ತಾ ಹೊಲಿದಳು. ಸಂಜೆ ಎಲ್ಲರ ತಟ್ಟೆಗೂ ಬೇಯಿಸಿದ ತರಕಾರಿ, ಒಂದು ತುಂಡು ಬ್ರೆಡ್ಡು. ಬೆಣ್ಣೆಯ ತಟ್ಟೆಗೆ ಅದರಲ್ಲೂ ಅರ್ಧ. ಅತ್ತೆ ಒಂದೊಂದು ತುತ್ತಿಗೂ ಮುಖ ಹುಳ್ಳಗೆ ಮಾಡಿಕೊಂಡಾಗ ಟೈಲರಮ್ಮನಿಗೆ ತನ್ನ ತಟ್ಟೆಯ ಸಪ್ಪೆ ತರಕಾರಿಯೂ ರುಚಿಸಿತು. ಡ್ರೈವರ್ ಮಾತ್ರ ದಿನಾ "ಡಿಪೋದಲ್ಲಿ ಊಟ ಆಯ್ತು" ಅನ್ನುತ್ತಾ ಬರುತ್ತಿದ್ದ. ಮೀಸೆಯ ತುದಿಯಲ್ಲಿ ಎಣ್ಣೆ ಮಿಂಚುತ್ತಿತ್ತು.

"ನೀನಾದ್ರೂ ಒಂದು ಮಾತು ಹೇಳೋ ನಿನ್ನ ಹೆಂಡತಿಗೆ," ಅಂತ ತಾಯಿ ಅವನನ್ನು ಹಿಡಿದುಕೊಂಡಳು.

"ಅಮ್ಮಾ, ನಿನಗೂ ಹೇಳಲಿಲ್ಲ ನಾನು, ಆವಾಗ," ಅಂದ ಅವನು. ಅಷ್ಟು ಹೇಳಿ ಹಾಸಿಗೆಗೆ ಹೋದ.

ಬೆಣ್ಣೆ ಕೊಟ್ಟಷ್ಟು ತಿಂದು, ತಟ್ಟೆ ತೊಳೆದಿಟ್ಟು, ತಾಯಿ "ನಡೆದು ಬಾ" ಅಂದರೆ ನಡೆಯಲು ಹೋಗುತ್ತಿದ್ದಳು. ಬೀದಿಯ ತುದಿಯಲ್ಲಿ ಕಟ್ಟೆಯ ಮೇಲೆ ಕೂತ ಹುಡುಗರು "ಜರುಗ್ರೋ, ಲಾರಿ ಬಂತು" ಅಂದರೆ ತಲೆ ತಗ್ಗಿಸಿ ತಿರುವು ದಾಟಿಬಿಡುತ್ತಿದ್ದಳು.

ವಾರಗಳು ಕಳೆದವು. ಒಂದು ಭಾನುವಾರ ಟೈಲರಮ್ಮ ಹೊಸ ಸ್ಕರ್ಟಿಗೆ ಅಳತೆ ತೆಗೆಯೋಕೆ ಮಗಳ ಸೊಂಟಕ್ಕೆ ಟೇಪು ಸುತ್ತಿದಳು. ಇಳಿದಿರಬೇಕಾದ ಅಳತೆ ಹೆಚ್ಚಾಗಿತ್ತು. ಮತ್ತೆ ಸುತ್ತಿದಳು. ಬಟ್ಟೆಯ ವಿಷಯದಲ್ಲಿ ಅವಳ ಕೈ ತಪ್ಪಿದ್ದಿಲ್ಲ.

"ಹೊರಗೆ ಏನಾದರೂ ತಿಂತಿದ್ದೀಯಾ?"

"ಇಲ್ಲಮ್ಮ."

"ನನ್ನ ಮೇಲೆ ಆಣೆ ಮಾಡು."

"ಹೊರಗೆ ಏನೂ ತಿಂದಿಲ್ಲ, ಆಣೆಗೂ." ಹುಡುಗಿ ನಿಜವನ್ನೇ ಹೇಳಿದ್ದಳು.

ಅದು ಗೊತ್ತಾದದ್ದು ಸ್ಕೂಲಿಗೆ ರಜೆ ಇದ್ದ ಒಂದು ದಿನ. ಕರೆಂಟು ಹೋಗಿ ಮೆಷಿನ್ನು ನಿಂತಿತು ಅಂತ ಟೈಲರಮ್ಮ ಅಂಗಡಿ ಬಾಗಿಲು ಹಾಕಿ ಮಧ್ಯಾಹ್ನವೇ ಮನೆಗೆ ಬಂದಳು. ಮನೆಯೊಳಗೆ ಯಾರೂ ಇಲ್ಲ. ಹಿತ್ತಲ ಬಾಗಿಲು ತೆರೆದಿತ್ತು. ಬಟ್ಟೆ ಒಗೆಯೋ ಕಲ್ಲಿನ ಮೇಲೆ ಅಜ್ಜಿ ಮೊಮ್ಮಗಳು ಅಕ್ಕಪಕ್ಕ ಕೂತಿದ್ದರು. ನಡುವೆ ಬೇಕರಿಯ ರಟ್ಟಿನ ಡಬ್ಬ, ಅದರಲ್ಲಿ ಕ್ರೀಮ್ ಕೇಕು. ಮುದುಕಿ ತನ್ನ ಸೆರಗಿನಿಂದ ಹುಡುಗಿಯ ಬಾಯಿ ಒರೆಸುತ್ತಾ, "ಇನ್ನೊಂದು ಚೂರು ತಿನ್ನು ಕಂದಾ. ನಿನ್ನಮ್ಮ ರಾಕ್ಷಸಿ, ನಾನಿದ್ದೀನಲ್ಲ," ಅನ್ನುತ್ತಿದ್ದಳು.

ಟೈಲರಮ್ಮ ಡಬ್ಬವನ್ನು ಕಾಲಿನಿಂದ ಒದ್ದಳು. ಕೇಕು ಚರಂಡಿಗೆ ಬಿತ್ತು.

"ಕೊಲ್ತಿದ್ದೀರಾ ನನ್ನ ಮಗಳನ್ನ! ಡಾಕ್ಟರು ಹೇಳಿದ್ದು ಕೇಳಿಸಲಿಲ್ವಾ? ಅವಳು ಹೊಟ್ಟೆಯಲ್ಲಿದ್ದಾಗ ಒಂದು ಮೊಟ್ಟೆ ಕೊಡಲಿಲ್ಲ, ಈಗ ಕೇಕು ತಿನ್ನಿಸೋಕೆ ಕೈ ಬಂತಾ?"

"ಕೂಗಬೇಡ. ಗೋಡೆಗೂ ಕಿವಿ ಇದೆ," ಅತ್ತೆ ಎದ್ದು ನಿಂತಳು. ದನಿ ತಣ್ಣಗಿತ್ತು. "ನಾನು ಮುಚ್ಚಿದಾಗ ನೀನು ತೆರೆದೆ. ನೀನು ಮುಚ್ಚಿದೆ, ನಾನು ತೆರೆದೆ. ನನ್ನ ಕಣ್ಣೆದುರು ಒಂದೊಂದು ತುತ್ತು ಬಾಯಿಗಿಟ್ಟು ನನ್ನನ್ನ ಸುಟ್ಟೆಯಲ್ಲ, ಹೇಗಿರುತ್ತೆ ಈಗ? ಹೇಳು, ಹೇಗಿರುತ್ತೆ?"

"ಇದು ಸೇಡಾ? ಮಗುವಿನ ಮೈಯಲ್ಲಿ ಸೇಡಾ?"

"ನೀನು ಯಾರ ಮೈಯಲ್ಲಿ ತೀರಿಸಿಕೊಂಡೆ?"

ಟೈಲರಮ್ಮ ಮಗಳ ಕಡೆ ತಿರುಗಿದಳು. "ನಿನಗಾದರೂ ನಾಚಿಕೆ ಬೇಡ್ವಾ? ತಿನ್ನು ಅಂದ ಕೂಡಲೇ ತಿಂದುಬಿಡೋದಾ? ಕನ್ನಡಿ ನೋಡ್ಕೊಂಡಿದ್ದೀಯಾ?"

ಬೆಣ್ಣೆ ಕೈಗಂಟಿದ ಕ್ರೀಮನ್ನು ನಲ್ಲಿ ಕೆಳಗೆ ತೊಳೆದುಕೊಂಡಳು. ಬಹಳ ಹೊತ್ತು ತೊಳೆದುಕೊಂಡಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎರಡನೇ ಸಲದ ರಕ್ತ ಪರೀಕ್ಷೆಯ ವರದಿ ತೋರಿಸೋಕೆ ಬೆಣ್ಣೆಯನ್ನು ಕರೆದುಕೊಂಡು ಇಬ್ಬರು ಹೆಂಗಸರೂ ಆಸ್ಪತ್ರೆಗೆ ಹೊರಟರು. ಒಬ್ಬಳನ್ನೇ ಕಳಿಸಿದರೆ ಡಾಕ್ಟರ ಕಿವಿ ಕಚ್ಚಿಬಿಡುತ್ತಾಳೆ ಅಂತ ಇಬ್ಬರಿಗೂ ಗುಮಾನಿ. ಡ್ರೈವರ್ ರಜೆ ಹಾಕಿ ಜೊತೆಗೆ ಬಂದ, ಬಾಗಿಲ ಹತ್ತಿರದ ಕುರ್ಚಿ ಹಿಡಿದು ಕೂತ.

"ಲಿವರಿನ ಅಂಕಿ ಇಳಿದಿಲ್ಲ. ಏರಿದೆ," ಅಂದರು ಡಾಕ್ಟರು. ದೊಡ್ಡವರಿಬ್ಬರೂ ಒಟ್ಟಿಗೆ ಬಾಯಿ ತೆರೆದಾಗ ಕೈ ಎತ್ತಿ ತಡೆದರು. "ನಾನು ಅವಳನ್ನ ಕೇಳ್ತೀನಿ. ಹೇಳಮ್ಮ, ನಿನ್ನೆ ಏನು ತಿಂದೆ?"

"ಎರಡೆರಡು ಸಲ ತಿಂದೆ," ಅಂದಳು ಬೆಣ್ಣೆ. "ಅಮ್ಮ ನೋಡೋ ಹಾಗೆ ಸೌತೆಕಾಯಿ. ಅಜ್ಜಿ ನೋಡೋ ಹಾಗೆ ಬಿಸ್ಕತ್ತು."

"ನೋಡಿದ್ರಾ ಡಾಕ್ಟ್ರೇ, ಇವರು—" ಟೈಲರಮ್ಮ ಶುರು ಮಾಡಿದಳು.

"ಸುಮ್ಮನಿರಿ," ಅಂದು ಡಾಕ್ಟರು ಹುಡುಗಿಯ ಕಡೆ ತಿರುಗಿದರು. "ಬೇಡ ಅನ್ನೋಕೆ ಆಗಲಿಲ್ವೇನಮ್ಮ?"

"ಯಾರಿಗೆ ಬೇಡ ಅನ್ನಲಿ?" ಹುಡುಗಿ ಡಾಕ್ಟರನ್ನೇ ನೋಡಿದಳು. "ಅಮ್ಮನಿಗೆ ಬೇಡ ಅಂದರೆ ನಾನು ಅಜ್ಜಿ ಕಡೆಯವಳು. ಅಜ್ಜಿಗೆ ಬೇಡ ಅಂದರೆ ಅಮ್ಮನ ಕಡೆಯವಳು. ಚಿಕ್ಕಂದಿನಿಂದ ಹೀಗೇ. ತಿಂದುಬಿಟ್ಟರೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿರ್ತಾರೆ. ಅದಕ್ಕೆ ತಿಂತೀನಿ."

ಡಾಕ್ಟರು ಬರೆಯೋದನ್ನು ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದರು. "ಇದಕ್ಕೆ ನನ್ನ ಹತ್ತಿರ ಮಾತ್ರೆ ಇಲ್ಲ," ಅಂದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಬೆಣ್ಣೆ ಅಪ್ಪನ ಜೇಬಿಗೆ ಕೈ ಹಾಕಿ ಫೋನು ತೆಗೆದುಕೊಂಡಳು. ಮಾವನಿಗೆ, ಅಂದರೆ ತಾಯಿಯ ಅಣ್ಣನಿಗೆ ಹಚ್ಚಿದಳು. ವೈರಿಂಗ್ ಕೆಲಸದವನು ಅವನು, ಎರಡು ಬಸ್ಸು ಬದಲಿಸಿ ಹೋಗಬೇಕಾದ ಬಡಾವಣೆಯಲ್ಲಿ ಹೆಂಡತಿ ಮತ್ತು ಮಗಳ ಜೊತೆ ಇದ್ದ. "ಮಾವ, ನಿಮ್ಮನೇಲಿ ಇರೋಕೆ ಬರ್ತೀನಿ. ಹೌದು, ಬಟ್ಟೆ ತಗೊಂಡೇ. ಇಲ್ಲ, ಯಾರೂ ಸತ್ತಿಲ್ಲ."

"ಏನೇ ಇದು? ಯಾರನ್ನ ಕೇಳಿದೆ?" ಟೈಲರಮ್ಮ ಕೈ ಹಿಡಿದಳು.

ಬೆಣ್ಣೆ ಕೈ ಬಿಡಿಸಿಕೊಂಡಳು. ಟೈಲರಮ್ಮ ಅವಳ ಮುಖ ನೋಡಿದಳು. ಆ ಮುಖದಲ್ಲಿ ಅತ್ತೆಯೂ ಇದ್ದಳು, ತಾನೂ ಇದ್ದಳು; ಇಬ್ಬರ ಹಟವೂ ಒಟ್ಟಿಗೆ ಕೂತಿತ್ತು.

"ನಿಮ್ಮಿಬ್ಬರಿಗೂ ಇದೇ ಸರಿ," ಅಂದಳು. "ಅಜ್ಜಿ, ನಿನ್ನ ಕೇಕು ಅಮ್ಮನಿಗೆ ತಿನ್ನಿಸು. ಅಮ್ಮ, ನಿನ್ನ ಸೌತೆಕಾಯಿ ಅಜ್ಜಿಗೆ ಕೊಡು. ನಡುವೆ ನಾನಿರಲ್ಲ. ನೋಡೋಣ, ಹೇಗೆ ಜಗಳ ಆಡ್ತೀರೋ ಆಡಿ."

"ಹಾಗೆಲ್ಲ ದೊಡ್ಡವರ ಹತ್ತಿರ—" ಅಜ್ಜಿ ಏನೋ ಅನ್ನಹೊರಟಳು.

"ಹೋಗಲಿ ಬಿಡಮ್ಮ," ಅಂದ ಡ್ರೈವರ್. ಎಲ್ಲರೂ ಅವನ ಕಡೆ ತಿರುಗಿದರು. ಮನೆಯ ವಿಷಯದಲ್ಲಿ ಅವನು ಬಾಯಿ ಹಾಕಿದ್ದು ಯಾರಿಗೂ ನೆನಪಿರಲಿಲ್ಲ. "ನಾನೇ ಬಿಟ್ಟು ಬರ್ತೀನಿ. ಇದನ್ನ ಮುಂಚೆಯೇ ಮಾಡಬೇಕಿತ್ತು, ನಾನು ಹೇಡಿ."

ಹುಡುಗಿ ಹೋದ ಮೇಲೆ ಮನೆಯಲ್ಲಿ ಅಡುಗೆ ಮಾಡೋದು ಕಷ್ಟವಾಯಿತು. ಟೈಲರಮ್ಮ ಒಲೆ ಮುಂದೆ ನಿಂತು ಯಾರಿಗೆ ಅಂತ ಬೇಯಿಸಬೇಕು ಅಂತ ತಿಳಿಯದೆ ಪಾತ್ರೆ ಹಿಡಿದು ನಿಲ್ಲುತ್ತಿದ್ದಳು. ಹೆಚ್ಚು ಬಡಿಸಿ ಯಾರ ಹೊಟ್ಟೆ ಉರಿಸಬೇಕು, ಕಡಿಮೆ ಬಡಿಸಿ ಯಾರನ್ನು ಸುಡಬೇಕು? ಅತ್ತೆಯೂ ಬೇಕರಿಯ ಕಡೆ ಹೋಗೋದು ಬಿಟ್ಟಳು. ಇಬ್ಬರೂ ಎದುರುಬದುರು ಕೂತು, ಒಬ್ಬರ ತಟ್ಟೆಯನ್ನು ಒಬ್ಬರು ನೋಡದೆ ಉಂಡು ಏಳುತ್ತಿದ್ದರು. ಬೈಗುಳ ಮಾತ್ರ ನಿಂತಿರಲಿಲ್ಲ.

"ನಿನ್ನ ಬೀಗದಿಂದ ಹೋದಳು ಅವಳು."

"ನಿಮ್ಮ ಡಬ್ಬದಿಂದ ಹೋದಳು."

ತಡೆಯಲಾರದೆ ಒಂದು ಸಂಜೆ ಟೈಲರಮ್ಮ ಅಂಗಡಿ ಬೇಗ ಮುಚ್ಚಿ ಅಣ್ಣನ ಮನೆಗೆ ಹೋದಳು. ಕೈಯಲ್ಲಿ ದೊಡ್ಡ ಊಟದ ಡಬ್ಬಿ. ಎಣ್ಣೆಯಿಲ್ಲದೆ ಹುರಿದ ತರಕಾರಿ, ಬೇಯಿಸಿದ ಮೊಟ್ಟೆ, ಕತ್ತರಿಸಿದ ಹಣ್ಣು. ಡಾಕ್ಟರು ಬೆರಳು ತೋರಿಸೋ ಹಾಗಿಲ್ಲ ಅನ್ನುವಷ್ಟು ಒಪ್ಪವಾಗಿ ಜೋಡಿಸಿದ್ದಳು.

ಬೆಣ್ಣೆ ಮನೆಯ ಮುಂದಿನ ಖಾಲಿ ಜಾಗದಲ್ಲಿ ಮಾವನ ಮಗಳ ಜೊತೆ ಹಗ್ಗ ಜಿಗಿಯುತ್ತಿದ್ದಳು. ನಾಲ್ಕು ಜಿಗಿತಕ್ಕೆ ಒಮ್ಮೆ ಹಗ್ಗ ಕಾಲಿಗೆ ಸಿಕ್ಕುತ್ತಿತ್ತು, ಇಬ್ಬರೂ ನಗುತ್ತಿದ್ದರು. ಮಗಳು ಹಾಗೆ ಬಾಯಿ ತುಂಬ ನಕ್ಕದ್ದನ್ನು ಟೈಲರಮ್ಮ ಯಾವಾಗ ಕಂಡಿದ್ದಳೋ.

ರಾತ್ರಿ ಊಟಕ್ಕೆ ಅವಳನ್ನೂ ಕೂರಿಸಿಕೊಂಡರು. ಅನ್ನ, ಬೇಳೆ, ಸೊಪ್ಪು ನಡುವೆ ಇಟ್ಟಿದ್ದರು. ಬೇಕಾದವರು ಬೇಕಾದಷ್ಟು ಹಾಕಿಕೊಂಡರು. ಅಣ್ಣ ಯಾವನೋ ಗಿರಾಕಿ ಶಾಕ್ ಹೊಡೆಸಿಕೊಂಡ ಕಥೆ ಹೇಳುತ್ತಿದ್ದ. ಯಾರೂ ಯಾರ ತಟ್ಟೆಯನ್ನೂ ನೋಡುತ್ತಿರಲಿಲ್ಲ. ಬೆಣ್ಣೆ ಎರಡು ಸಲ ಅನ್ನ ಹಾಕಿಕೊಂಡು, ಸಾಕೆನಿಸಿದಾಗ ಕೈ ತೊಳೆಯಲು ಎದ್ದಳು. "ಇನ್ನೊಂಚೂರು" ಅಂತಾಗಲಿ, "ಅಷ್ಟೊಂದಾ?" ಅಂತಾಗಲಿ ಒಂದು ಸೊಲ್ಲು ಬರಲಿಲ್ಲ. ಟೈಲರಮ್ಮನ ನಾಲಿಗೆಯ ತುದಿಗೆ ಎರಡೂ ಬಂದಿದ್ದವು. ಅವಳು ನೀರು ಕುಡಿದಳು.

ಹೊರಡುವಾಗ ಡಬ್ಬಿ ಮುಂದೆ ಮಾಡಿದಳು. "ನಾಳೆ ಸ್ಕೂಲಿಗೆ ತಗೊಂಡು ಹೋಗು. ಎಲ್ಲ ನಿನಗೆ ಒಳ್ಳೇದೇ."

ಬೆಣ್ಣೆ ಮುಚ್ಚಳ ತೆಗೆದು ನೋಡಿದಳು. "ಚೆನ್ನಾಗಿದೆ. ಆದರೆ ಇದು ಯಾರಿಗೆ ಉತ್ತರ ಅಮ್ಮ?"

"ಅಂದರೆ?"

"ನನಗೆ ಅಂತ ಮಾಡಿದ್ದಾ, ಅಜ್ಜಿಗೆ ತೋರಿಸೋಕೆ ಮಾಡಿದ್ದಾ?"

ಟೈಲರಮ್ಮ ಅಡುಗೆಮನೆಯಿಂದ ಹೊರಡುವಾಗ ಅತ್ತೆಯ ಮುಂದೆ ಡಬ್ಬಿಯನ್ನು ಬೇಕಂತಲೇ ಸದ್ದು ಮಾಡಿ ಮುಚ್ಚಿದ್ದಳು. ಅದು ಮಗಳಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಆದರೂ ಟೈಲರಮ್ಮ ಡಬ್ಬಿ ವಾಪಸು ತೆಗೆದುಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅಳುತ್ತಾ, ನಡುನಡುವೆ ಮೊಟ್ಟೆ ತಿನ್ನುತ್ತಾ ಬಂದಳು.

ಮುಂದಿನ ಪರೀಕ್ಷೆ ಬರುವ ಹೊತ್ತಿಗೆ ಸೆಕೆ ಹೋಗಿ ಚಳಿ ಬಂದಿತ್ತು. ಬೆಣ್ಣೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳು ಮಾವನ ಹೆಂಡತಿ. ಈ ಇಬ್ಬರೂ ಬರಕೂಡದು ಅಂತ ಹುಡುಗಿ ಕಟ್ಟಪ್ಪಣೆ ಮಾಡಿದ್ದಳು. ಅವತ್ತು ಟೈಲರಮ್ಮ ಅಂಗಡಿ ತೆರೆಯಲಿಲ್ಲ. ಜಗಲಿಯ ಬೆಂಚಿನ ಮೇಲೆ ಅತ್ತೆ ಬಟಾಣಿ ಸುಲಿಯುತ್ತಾ ಕೂತಿದ್ದಳು, ಅವಳು ಹೊಸ್ತಿಲ ಒಳಗೆ ಫೋನು ಹಿಡಿದು ನಿಂತಿದ್ದಳು. ಫೋನು ಬಂತು.

"ಅಮ್ಮ, ಇಳಿದಿದೆ," ಅಂದಳು ಬೆಣ್ಣೆ. "ಪೂರ್ತಿ ಅಲ್ಲ. ಆದರೆ ಲಿವರ್ ಸರಿಹೋಗ್ತಾ ಇದೆಯಂತೆ. ಹೀಗೇ ಮುಂದುವರಿಸು ಅಂದ್ರು."

ಟೈಲರಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು. "ಸರಿ, ಅಪ್ಪನ್ನ ಕಳಿಸ್ತೀನಿ. ಬ್ಯಾಗು ಕಟ್ಟಿಟ್ಟಿರು."

"ಬರಲ್ಲಮ್ಮ."

"ಇನ್ನೂ ಕೋಪಾನಾ?"

"ಕೋಪ ಇದೆ," ಅಂದಳು ಹುಡುಗಿ, ಯೋಚಿಸಿ. "ಆದರೆ ಕೋಪಕ್ಕಲ್ಲ. ಅಲ್ಲಿಗೆ ಬಂದರೆ ನಾನು ಮತ್ತೆ ತಿನ್ನೋಕೆ ಶುರು ಮಾಡ್ತೀನಿ. ನನಗೆ ಗೊತ್ತು. ಹತ್ತನೇ ಕ್ಲಾಸು ಇಲ್ಲೇ ಮುಗಿಸ್ತೀನಿ. ನೀವಿಬ್ಬರೂ ಆಮೇಲೆ ಹೇಗಿರ್ತೀರೋ ನೋಡೋಣ."

ಫೋನು ನಿಂತಿತು. ಅತ್ತೆ ಬಟಾಣಿಯ ಸಿಪ್ಪೆ ಕೈಯಲ್ಲೇ ಹಿಡಿದು ಕತ್ತು ಚಾಚಿದ್ದಳು. "ಏನಂತೆ? ಯಾವಾಗ ಬರ್ತಾಳಂತೆ?"

ಟೈಲರಮ್ಮ ಅತ್ತೆಯನ್ನು ನೋಡಿದಳು. ಇಷ್ಟು ವರ್ಷ ಹುಡುಕಿದ ಆಯುಧ ಈಗ ತಾನಾಗೇ ನಾಲಿಗೆಗೆ ಬಂದು ಕೂತಿತ್ತು. ಅಜ್ಜಿ ಇರೋ ಮನೆಗೆ ಬರಲ್ಲವಂತೆ. ಅಷ್ಟೇ ಅಂದರೆ ಸಾಕು. ಮುದುಕಿ ಹೋಗಿ ಕೇಳೋಳಲ್ಲ, ಇನ್ನು ತಲೆ ಎತ್ತೋಳೂ ಅಲ್ಲ. ಆ ಸಕ್ಕರೆಯ ದಿನಕ್ಕೂ, ನಲ್ಲಿಯ ಹತ್ತಿರದ ನಗೆಗೂ, ಅಳಿಲಿನಂಥ ಕೂಸಿಗೂ ಒಂದೇ ಏಟಿಗೆ ಲೆಕ್ಕ ಚುಕ್ತಾ.

ಅವಳು ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದಳು. ರುಚಿಯಾಗಿತ್ತು. ನುಂಗಿಬಿಟ್ಟಳು.

"ಲಿವರ್ ಸರಿಹೋಗ್ತಿದೆಯಂತೆ," ಅಂದಳು. "ಇಲ್ಲಿಗೆ ಬರಲ್ಲವಂತೆ. ನಮ್ಮಿಬ್ಬರ ದೆಸೆಯಿಂದ."

ಅತ್ತೆ ತಲೆ ತಗ್ಗಿಸಿದಳು. ಒಂದು ಬಟಾಣಿ ಸುಲಿದಳು, ಇನ್ನೊಂದು ಸುಲಿದಳು.

"ಅದರಲ್ಲಿ ಜಾಸ್ತಿ ನಿಂದೇ," ಅಂದಳು ಕೊನೆಗೆ.

"ನಿಮ್ಮದೇ."

"ಇರಲಿ." ಮುದುಕಿ ಬೆಂಚಿನ ಮೇಲೆ ಸ್ವಲ್ಪ ಸರಿದು, ಬಟಾಣಿಯ ಬುಟ್ಟಿಯನ್ನು ನಡುವಿಗೆ ಎಳೆದಳು. "ನಿಂತೇ ಇರ್ತೀಯಾ? ಬಾ, ಸುಲಿ. ಹುಳುಕು ಇದ್ದರೆ ಆರಿಸು, ನನಗೆ ಕಣ್ಣು ಕಾಣಲ್ಲ."

ಟೈಲರಮ್ಮ ಹೋಗಿ ಕೂತು ಒಂದು ಬಟಾಣಿ ಎತ್ತಿಕೊಂಡಳು.